ಹನ್ನೆರಡರಿಂದ ಮೂರರವರೆಗೆ ಎಲ್ಲಿ ಕೂರುತ್ತೀರಿ? ಮೈಸೂರಿನಿಂದ ಒಂದು ದಿನದ ತಿರುಗಾಟ, ನಿವೃತ್ತರ ಲೆಕ್ಕದಲ್ಲಿ

ನನ್ನ ಡೈರಿಯಲ್ಲಿ ‘ಮಂಡಿ’ ಅಂತ ಒಂದು ಕಾಲಂ ಇದೆ. ಹೊರಟ ಹೊತ್ತು, ಮನೆ ಸೇರಿದ ಹೊತ್ತು, ಖರ್ಚು, ಊಟ ಎಲ್ಲಿ, ಆಮೇಲೆ ಮಂಡಿ. ರಾತ್ರಿ ಮಲಗುವ ಮುಂಚೆ ನಮ್ಮೆಜಮಾನ್ರು ಐದಕ್ಕೆ ಎಷ್ಟು ಅಂತ ಹೇಳುತ್ತಾರೆ, ನಾನು ಬರೆದುಕೊಳ್ಳುತ್ತೇನೆ. ಐದು ಅಂದರೆ ನೋವೇ ಇಲ್ಲ. ಒಂದು ಅಂದರೆ ಮರುದಿನ ಪಾರ್ಕಿಗೂ ಕಾಲಿಡುವುದಿಲ್ಲ. ಶ್ರವಣಬೆಳಗೊಳದ ಮುಂದೆ ಒಂದು ಸೊನ್ನೆ ಇದೆ. ಅದು ಅವರೇ ನನ್ನ ಕೈಯಿಂದ ಪೆನ್ನು ಕಿತ್ತುಕೊಂಡು ಬರೆದದ್ದು.

ಬ್ಯಾಂಕಿನ ಕೆಲಸ ಮುಗಿಸಿ ನಾನು ಮನೆಗೆ ಬಂದು ವರ್ಷ ದಾಟಿತು. ಅವರು ಕೆಇಬಿಯಿಂದ (ಹೆಸರು ಬದಲಾಗಿ ಎಷ್ಟೋ ಕಾಲವಾಯಿತು, ನಮ್ಮ ಮನೆಯಲ್ಲಿ ಮಾತ್ರ ಇನ್ನೂ ಕೆಇಬಿಯೇ) ಮೂರು ವರ್ಷ ಮೊದಲೇ ಬಂದವರು. ವಾರಕ್ಕೊಂದು ಊರು ಅಂತ ಶುರುಮಾಡಿದ್ದು. ಮದುವೆ ಮುಂಜಿ, ಮಳೆ, ಮಗಳ ಬಾಣಂತನ ಎಲ್ಲ ಕಳೆದು ಉಳಿದದ್ದು ಇಪ್ಪತ್ತೆರಡು. ಎಲ್ಲವೂ ಬೆಳಿಗ್ಗೆ ಮೈಸೂರು ಬಿಟ್ಟು ರಾತ್ರಿ ನಮ್ಮ ಹಾಸಿಗೆಯಲ್ಲೇ ಮಲಗಿದ ತಿರುಗಾಟಗಳು.

ಈಗ ನಮ್ಮ ಜೊತೆಯವರು ಒಬ್ಬೊಬ್ಬರಾಗಿ ರಿಟೈರ್ ಆಗುತ್ತಿದ್ದಾರೆ. ಫೋನ್ ಮಾಡಿ ಕೇಳುವುದು ಒಂದೇ ಮಾತು: ‘ಎಲ್ಲಿ ಚೆನ್ನಾಗಿದೆ?’ ಎಲ್ಲ ಕಡೆಯೂ ಚೆನ್ನಾಗಿದೆ ಮಾರಾಯ್ತಿ. ನಮ್ಮ ವಯಸ್ಸಿನವರು ಕೇಳಬೇಕಾದ್ದು ಬೇರೆ. ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಅಲ್ಲಿ ಎಲ್ಲಿ ಕೂರುವುದು?

ಲೆಕ್ಕ ಹಾಕಿ ನೋಡಿ. ಏಳಕ್ಕೆ ಕಾಫಿ ತಿಂಡಿ ಮುಗಿಸಿ ಹೊರಟರೆ ಒಂಬತ್ತರ ಹೊತ್ತಿಗೆ ಸೇರುತ್ತೀರಿ. ಎರಡು ಗಂಟೆ ನೋಡುವಷ್ಟರಲ್ಲಿ ಕಾಲು ಸಾಕು ಅನ್ನುತ್ತದೆ. ಹನ್ನೆರಡೂವರೆಗೆ ನನಗೆ ಸಕ್ಕರೆ ಮಾತ್ರೆ, ಊಟ. ಒಂದು, ಒಂದೂವರೆಗೆ ಹೆಚ್ಚಿನ ದೇವಸ್ಥಾನಗಳ ಬಾಗಿಲು ಹಾಕುತ್ತಾರೆ, ಮತ್ತೆ ತೆಗೆಯುವುದು ನಾಲ್ಕರ ಸುಮಾರಿಗೆ. ಉಂಡ ಮೇಲೆ ಕಣ್ಣು ಎಳೆಯುತ್ತದೆ, ನೆತ್ತಿಯ ಮೇಲೆ ಬಿಸಿಲು. ಹುಡುಗರಾದರೆ ಆ ಮೂರು ಗಂಟೆಯನ್ನು ಕಾರಿನ ಎಸಿಯಲ್ಲಿ ಮುಂದಿನ ಊರಿಗೆ ಓಡಿ ಕಳೆಯುತ್ತಾರೆ. ನಮ್ಮ ದಿನ ಕೆಡುವುದೂ ಒದಗುವುದೂ ಆ ಮೂರು ಗಂಟೆಯಲ್ಲೇ. ನೆರಳು, ಬೆನ್ನು ಕೊಡಲು ಒಂದು ಕಂಬ, ನಡೆಯುವ ದೂರದಲ್ಲಿ ಶೌಚಾಲಯ, ಯಾರೂ ‘ಏಳಿ’ ಅನ್ನದ ಜಾಗ. ಇಷ್ಟಿದ್ದ ಕಡೆ ನಮ್ಮ ಮಂಡಿ ಅಂಕ ನಾಲ್ಕಕ್ಕಿಂತ ಕೆಳಗೆ ಬಂದದ್ದು ಒಂದೇ ಒಂದು ಸಲ.

ಬಸ್ಸೋ, ರೈಲೋ, ಟ್ಯಾಕ್ಸಿಯೋ

ಬಸ್ಸಿನಲ್ಲಿ ನನಗೆ ಖರ್ಚೇ ಇಲ್ಲ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಸಾಮಾನ್ಯ ಬಸ್ಸು, ಎಕ್ಸ್‌ಪ್ರೆಸ್ ಎರಡರಲ್ಲೂ ಆಧಾರ್ ತೋರಿಸಿದರೆ ಸೊನ್ನೆ ರೂಪಾಯಿಯ ಚೀಟಿ. ಅವರಿಗೆ ಅರವತ್ತು ದಾಟಿದವರಿಗೆ ಕೊಡುವ ಶೇ. 25 ರಿಯಾಯಿತಿ. ‘ಮೂವತ್ತೈದು ವರ್ಷ ಊರಿಗೆಲ್ಲ ಕರೆಂಟು ಕೊಟ್ಟವನಿಗೆ ಕಾಲು ಭಾಗ, ನಿನಗೆ ಪೂರ್ತಿ’ ಅಂತ ಪ್ರತಿ ಸಲವೂ ಕಂಡಕ್ಟರಿಗೆ ಕೇಳುವ ಹಾಗೆ ಗೊಣಗುವುದು ಅವರ ವಾಡಿಕೆ. ಕಂಡಕ್ಟರುಗಳು ನಗುತ್ತಾರೆ, ಅಷ್ಟೇ.

ಬಸ್ಸಿನ ನಿಜವಾದ ಖರ್ಚು ದುಡ್ಡಿನದಲ್ಲ, ಬದಲಾಯಿಸುವ ಕಡೆ ನಿಲ್ಲುವುದರದು. ಸೋಮನಾಥಪುರಕ್ಕೆ ಬನ್ನೂರಿಗೋ ತಿ. ನರಸೀಪುರಕ್ಕೋ ಹೋಗಿ ಅಲ್ಲಿಂದ ಇನ್ನೊಂದು ಬಸ್ಸು ಹಿಡಿಯಬೇಕು. ಮೊದಲ ಸಲ ಬನ್ನೂರಿನಲ್ಲಿ ಮುಕ್ಕಾಲು ಗಂಟೆ ನಿಂತೆವು. ಕಲ್ಲುಬೆಂಚಿನ ಮೇಲೆ ಯಾರೋ ಮೂಟೆ ಇಟ್ಟಿದ್ದರು. ‘ಸ್ವಲ್ಪ ಸರಿಸಪ್ಪಾ’ ಅಂದರೆ ‘ಬಸ್ ಬಂತು ಅಂತ ತಿಳ್ಕಳಿ ಅಮ್ಮಾ, ಇನ್ನೇನು’ ಅಂದ. ಬಸ್ಸು ಬರಲಿಲ್ಲ, ಮೂಟೆಯೂ ಕದಲಲಿಲ್ಲ. ಆ ಮುಕ್ಕಾಲು ಗಂಟೆಯೇ ಅವತ್ತಿನ ಮಂಡಿಯ ಅಂಕವನ್ನು ಐದರಿಂದ ಮೂರಕ್ಕಿಳಿಸಿತು. ಆ ಒಂದೇ ಒಂದು ಸಲ ಇದೇ. ಅಲ್ಲಿಂದೀಚೆ ನಮ್ಮ ಕಟ್ಟುಪಾಡು: ನೇರ ಬಸ್ಸಿದ್ದರೆ ಬಸ್ಸು, ಒಂದು ಸಲ ಬದಲಾಯಿಸಬೇಕಾದರೆ ಬೆಳಗಿನ ಪಯಣಕ್ಕೆ ಮಾತ್ರ ಬಸ್ಸು, ಎರಡು ಸಲ ಬದಲಾಯಿಸಬೇಕಾದರೆ ಬಸ್ಸಿನ ಮಾತೇ ಬೇಡ.

ಇಳಿದ ಕೂಡಲೇ ಮಾಡಬೇಕಾದ ಕೆಲಸ, ವಾಪಸು ಬಸ್ಸು ಎಷ್ಟು ಹೊತ್ತಿಗೆ ಅಂತ ಮೂವರನ್ನು ಕೇಳುವುದು. ಒಬ್ಬರನ್ನು ಕೇಳಿದರೆ ಸಾಲದು. ಹೂವಿನವಳು ಒಂದು ಹೇಳುತ್ತಾಳೆ, ಆಟೋದವರು ‘ಈಗ ಯಾವ ಬಸ್ಸೂ ಇಲ್ಲ’ ಅನ್ನುತ್ತಾರೆ (ಅವರ ಹೊಟ್ಟೆಪಾಡು), ಟೀ ಅಂಗಡಿಯವರ ಮಾತು ಸಾಮಾನ್ಯವಾಗಿ ಸರಿ. ಮೂರೂವರೆಯೊಳಗೆ ಹೊರಟರೆ ಸೀಟು ಸಿಗುತ್ತದೆ. ನಾಲ್ಕರ ಮೇಲೆ ಸ್ಕೂಲು ಕಾಲೇಜಿನ ಮಕ್ಕಳು ತುಂಬಿಕೊಳ್ಳುತ್ತಾರೆ. ನಾವು ಹೊರಡುವುದು ಮಂಗಳವಾರ, ಬುಧವಾರ, ಗುರುವಾರ. ಭಾನುವಾರ ಕೆಲಸಕ್ಕೆ ಹೋಗುವವರದು, ಅದನ್ನು ಅವರಿಗೇ ಬಿಟ್ಟುಬಿಡಿ.

ರೈಲಿಗೆ ಎರಡೇ ಊರು ಲೆಕ್ಕಕ್ಕೆ ಬರುತ್ತವೆ: ನಂಜನಗೂಡು, ಶ್ರೀರಂಗಪಟ್ಟಣ. ಹಿರಿಯ ನಾಗರಿಕರ ರಿಯಾಯಿತಿಯನ್ನು 2020ರ ಮಾರ್ಚಿನಲ್ಲಿ ನಿಲ್ಲಿಸಿದವರು ಮತ್ತೆ ಕೊಟ್ಟಿಲ್ಲ. ಆದರೆ ಪ್ಯಾಸೆಂಜರ್ ಗಾಡಿಯಲ್ಲಿ ಹತ್ತು ರೂಪಾಯಿಗೆ ಹೋಗುವ ದೂರಕ್ಕೆ ರಿಯಾಯಿತಿ ಯಾಕೆ? ಚಾಮರಾಜನಗರದ ಗಾಡಿ ಹತ್ತಿದರೆ ನಂಜನಗೂಡು ಟೌನ್ ಮುಟ್ಟುವುದು ಗೊತ್ತಾಗುವುದೇ ಇಲ್ಲ. ಕುಲುಕಾಟವಿಲ್ಲ, ಕಾಲು ಚಾಚಬಹುದು, ಗಾಡಿಯೊಳಗೇ ಶೌಚಾಲಯ. ಕೊನೆಯದನ್ನು ಪ್ರವಾಸದ ಪುಸ್ತಕದವರು ಬರೆಯುವುದಿಲ್ಲ. ಅರವತ್ತರ ಮೇಲಿನವರು ಮೊದಲು ಕೇಳುವುದೇ ಅದನ್ನ. ತೊಂದರೆ ಒಂದೇ, ಗಾಡಿಗಳು ಕಡಿಮೆ. ಒಂದು ತಪ್ಪಿದರೆ ಬಸ್ಸೇ ಗತಿ.

ಟ್ಯಾಕ್ಸಿ ಇಬ್ಬರಿಗೆ ದುಬಾರಿ, ನಾಲ್ವರಿಗೆ ಹದ. ಸೋಮನಾಥಪುರ, ತಲಕಾಡು ಸುತ್ತಿಗೆ ನಮ್ಮ ಭಾವ, ಅಕ್ಕ ಸೇರಿ ತಲೆಗೆ ಏಳುನೂರು ಬಿತ್ತು. ಡ್ರೈವರಿನ ಬಾಟಾ, ಪಾರ್ಕಿಂಗ್, ಟೋಲು ಎಲ್ಲ ಸೇರಿಯೋ ಬೇರೆಯೋ ಅಂತ ಹೊರಡುವ ಮುಂಚೆಯೇ ಮಾತಾಡಿ. ಸಾಯಂಕಾಲ ಮನೆ ಗೇಟಿನ ಮುಂದೆ ನಿಂತು ಮಾತಾಡಿದರೆ ಇಡೀ ದಿನದ ಸೊಗಸು ಹೋಗುತ್ತದೆ. ಟ್ಯಾಕ್ಸಿಯ ದೊಡ್ಡ ಲಾಭ ವೇಗವಲ್ಲ. ಮಧ್ಯಾಹ್ನ ಮರದ ಕೆಳಗೆ ನಿಲ್ಲಿಸಿ, ನಾಲ್ಕೂ ಬಾಗಿಲು ತೆಗೆದು, ಸೀಟು ಹಿಂದಕ್ಕೆ ಬಾಗಿಸಿ ಅರ್ಧ ಗಂಟೆ ಕಣ್ಣು ಮುಚ್ಚಬಹುದು.

ಇನ್ನು ‘ಒಂದು ದಿನ, ಐದು ಸ್ಥಳ’ದ ಟೂರ್ ವ್ಯಾನು. ಒಂದೇ ಸಲ ಹೋದೆವು, ಬೇಲೂರು ಹಳೇಬೀಡಿಗೆ. ಟ್ರಾವೆಲ್ಸಿನ ಹೆಸರು ಇಲ್ಲಿ ಬೇಡ. ಬೆಳಿಗ್ಗೆ ಆರಕ್ಕೆ ಅಂದವರು ಏಳೂವರೆಗೆ ಬಂದರು. ಹಳೇಬೀಡಿನಲ್ಲಿ ಇಳಿದಾಗ ಒಂದು ಗಂಟೆ ಹತ್ತು ನಿಮಿಷ, ‘ಇಪ್ಪತ್ತು ನಿಮಿಷ ಟೈಮು’ ಅಂದ ಹುಡುಗ. ಹೊಯ್ಸಳೇಶ್ವರನ ಗೋಡೆಯ ಮುಂದೆ ಇಪ್ಪತ್ತು ನಿಮಿಷ! ಆನೆಗಳ ಸಾಲು ಮುಗಿದು ಸಿಂಹಗಳ ಸಾಲಿಗೆ ಬರುವಷ್ಟರಲ್ಲಿ ಹಾರನ್ ಹೊಡೆದರು. ದುಡ್ಡು ಕೊಟ್ಟು ಮತ್ತೆ ಆಫೀಸಿಗೆ ಹೋದ ಹಾಗಾಯಿತು.

ಸೋಮನಾಥಪುರವೋ, ಬೇಲೂರು ಹಳೇಬೀಡೋ

2023ರ ಸೆಪ್ಟೆಂಬರಿನಲ್ಲಿ ಯುನೆಸ್ಕೋದವರು ಮೂರನ್ನೂ ಒಟ್ಟಿಗೆ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದರು. ಹಾಗಾಗಿ ಯಾವುದು ಹೆಚ್ಚು ಅನ್ನುವ ಜಗಳ ಮುಗಿದ ಹಾಗೆ. ದೂರ ಮಾತ್ರ ಒಂದೇ ಅಲ್ಲ. ಸೋಮನಾಥಪುರ ಮೈಸೂರಿನಿಂದ ನಲವತ್ತು ಕಿಲೋಮೀಟರಿನೊಳಗೆ. ಬೇಲೂರು ನೂರೈವತ್ತರ ಹತ್ತಿರ. ಹೋಗಿ ಬರುವುದೇ ಆರೇಳು ಗಂಟೆ ಆದರೆ ನೋಡುವುದು ಯಾವಾಗ? ಬೇಲೂರಿನ ಚೆನ್ನಕೇಶವನನ್ನು 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದಾಗಿನಿಂದ ಪೂಜೆ ನಡೆದುಕೊಂಡು ಬಂದಿರುವ ಗುಡಿ ಅದು. ಅದಕ್ಕೆ ಒಂದು ದಿನದ ತಿರುಗಾಟ ಸಾಲದು, ಹಾಸನದಲ್ಲಿ ಒಂದು ರಾತ್ರಿ ಉಳಿದು ಮಾಡುವಂಥದ್ದು. ಒಂದೇ ದಿನದಲ್ಲಿ ಮುಗಿಸಬೇಕು ಅನ್ನುವವರಿಗೆ ನಾನು ಎರಡು ಮಾತಿಲ್ಲದೆ ಹೇಳುವುದು ಸೋಮನಾಥಪುರ.

ಕಾರಣ ಮತ್ತೆ ಅದೇ ಮೂರು ಗಂಟೆ. ಇಲ್ಲಿನ ಕೇಶವ ದೇವಾಲಯದಲ್ಲಿ ಪೂಜೆ ಇಲ್ಲ, ಪುರಾತತ್ವ ಇಲಾಖೆಯ ಸುಪರ್ದಿ, ಆದ್ದರಿಂದ ಮಧ್ಯಾಹ್ನ ಬಾಗಿಲು ಹಾಕುವ ಪ್ರಶ್ನೆಯೇ ಇಲ್ಲ. ಅಂಗಳದ ಸುತ್ತಲೂ ಕಂಬಗಳ ಕೈಸಾಲೆ. ಬಿಸಿಲು ಒಂದು ಕಡೆಯಿಂದ ಬಂದರೆ ಇನ್ನೊಂದು ಕಡೆ ಹೋಗಿ ಕೂರಬಹುದು. ಕಂಬಕ್ಕೆ ಬೆನ್ನು ಕೊಟ್ಟು ಕೂತರೆ ಎದುರಿಗೇ ನಕ್ಷತ್ರಾಕಾರದ ಜಗತಿಯ (ಎತ್ತರದ ಕಲ್ಲುಕಟ್ಟೆ) ಮೇಲೆ ಇಡೀ ಗುಡಿ, ಮೂರು ಗೋಪುರ.

ಎರಡನೆಯ ಸಲ ಹೋದಾಗ ನಾವು ಮಾಡಿದ್ದು ಅಷ್ಟೇ. ಬೆಳಿಗ್ಗೆ ಒಂದು ಸುತ್ತು, ಹೊರಗೆ ಮರದ ಕೆಳಗೆ ಬುತ್ತಿ ಬಿಚ್ಚಿ ಚಿತ್ರಾನ್ನ, ಮೊಸರನ್ನ, ಮತ್ತೆ ಒಳಗೆ ಬಂದು ಕೈಸಾಲೆಯಲ್ಲಿ ಎರಡು ಗಂಟೆ. ಅವರು ನಿದ್ದೆ ಹೋದರು. ನಾನು ಎದ್ದು ಹೋಗಿ ಗೋಡೆಯ ವಿಗ್ರಹಗಳ ಪೀಠ ಓದುತ್ತಾ ಸುತ್ತಿದೆ. ಕೆತ್ತಿದವರ ಹೆಸರು ಹಳಗನ್ನಡ ಅಕ್ಷರದಲ್ಲಿ ಕೆಳಗೇ ಇದೆ. ಮಲ್ಲಿತಮ್ಮ ಅನ್ನುವವನ ಹೆಸರು ಎಷ್ಟು ಕಡೆ ಬರುತ್ತದೆ ಅಂದರೆ, ಕೆಲವು ಕಡೆ ಬರೀ ‘ಮ’ ಅಂತ ಕೊರೆದು ಬಿಟ್ಟಿದ್ದಾನೆ. ಬ್ಯಾಂಕಿನಲ್ಲಿ ದಿನಕ್ಕೆ ಇನ್ನೂರು ವೋಚರಿಗೆ ಇನಿಷಿಯಲ್ ಹಾಕುತ್ತಿದ್ದ ನನಗೆ ಅವನ ಅವಸರ ಅರ್ಥವಾಯಿತು. ಬೆಳಿಗ್ಗೆ ಗೈಡ್ ಹಿಂದೆ ನಡೆದಾಗ ಇದೊಂದೂ ಕಣ್ಣಿಗೆ ಬಿದ್ದಿರಲಿಲ್ಲ. ಒಳಗಿನ ಛಾವಣಿಗಳನ್ನು ನೋಡುವಾಗ ಕತ್ತು ಎತ್ತಿ ನಿಲ್ಲಬೇಡಿ, ತಲೆ ಸುತ್ತುತ್ತದೆ. ಫೋನಿನ ಕ್ಯಾಮೆರಾ ಮೇಲ್ಮುಖ ಮಾಡಿ ಕೈಯಲ್ಲಿ ಹಿಡಿದು ಅದರೊಳಗೆ ನೋಡಿ. ಒಂದೊಂದು ಛಾವಣಿಯೂ ಬೇರೆ. ಬಾಳೆಯ ಮೂತಿ ಕೆಳಗೆ ಜೋತುಬಿದ್ದ ಹಾಗೆ ಕೆತ್ತಿದ್ದನ್ನು ಬಿಡಬೇಡಿ.

ಆ ದಿನ ಮಂಡಿ: ಐದು. ವಾಪಸಿಗೆ ಆಟೋದಲ್ಲಿ ಬನ್ನೂರಿಗೆ ಬಂದು ನೇರ ಬಸ್ಸು.

ಮೆಟ್ಟಿಲಿನ ಮಾತು: ಮೇಲುಕೋಟೆ, ಶ್ರವಣಬೆಳಗೊಳ

ಸೊನ್ನೆಯ ಕಥೆ ಹೇಳಿಬಿಡುತ್ತೇನೆ. ಏಪ್ರಿಲ್ ತಿಂಗಳು, ತಲುಪಿದಾಗ ಹನ್ನೊಂದು ಗಂಟೆ. ವಿಂಧ್ಯಗಿರಿಗೆ ಬಂಡೆಯಲ್ಲೇ ಕಡಿದ ಸುಮಾರು ಆರುನೂರೈವತ್ತು ಮೆಟ್ಟಿಲು, ಚಪ್ಪಲಿ ಕೆಳಗೇ ಬಿಡಬೇಕು. ಕಾದ ಬಂಡೆ. ‘ಕಾಲುಚೀಲ ತಗೊಳ್ಳಿ ಅಮ್ಮಾ’ ಅಂತ ಕೆಳಗೆ ಮಾರುವವರು ಹೇಳಿದ್ದನ್ನು ನಾವು ವ್ಯಾಪಾರದ ಮಾತು ಅಂದುಕೊಂಡೆವು. ಅರ್ಧ ದಾರಿಯೂ ಆಗಿರಲಿಲ್ಲ, ಅವರು ಕಂಬಿ ಹಿಡಿದು ಕೂತುಬಿಟ್ಟರು. ‘ರೀ, ಡೋಲಿ ಇದೆಯಂತೆ’ ಅಂದೆ. ‘ನಾಲ್ಕು ಜನರ ಹೆಗಲ ಮೇಲೆ ಒಂದೇ ಸಲ ಹೋಗೋದು, ಈಗ ಬೇಡ’ ಅಂದರು. ನಾನೊಬ್ಬಳೇ ಹತ್ತಿದೆ. ಮೇಲೆ ಆ ಐವತ್ತೆಂಟು ಅಡಿಯ ಗೊಮ್ಮಟನ ಮುಖ ಕಂಡಾಗ ಕಾಲಿನ ಉರಿ ಮರೆತದ್ದು ನಿಜ. 981ರಲ್ಲಿ ಚಾವುಂಡರಾಯ ನಿಲ್ಲಿಸಿದ ಮೂರ್ತಿ, ಆ ತುಟಿಯ ಅಂಚಿನ ನಗು ಯಾವ ಫೋಟೋದಲ್ಲೂ ಬರುವುದಿಲ್ಲ. ಇಳಿಯುವಾಗ ಮಾತ್ರ ನನ್ನ ಮಂಡಿಯೂ ಮಾತಾಡಿತು. ಹತ್ತುವುದು ಉಸಿರಿನ ಪರೀಕ್ಷೆ, ಇಳಿಯುವುದು ಮಂಡಿಯ ಪರೀಕ್ಷೆ. ಜನ ಹತ್ತುವುದಕ್ಕೆ ಹೆದರಿ ಇಳಿಯುವುದನ್ನು ಮರೆಯುತ್ತಾರೆ.

ಹಾಗಂದ ಮಾತ್ರಕ್ಕೆ ಶ್ರವಣಬೆಳಗೊಳ ಬೇಡ ಅಂತಲ್ಲ. ಡಿಸೆಂಬರ್, ಜನವರಿಯಲ್ಲಿ, ಬೆಳಿಗ್ಗೆ ಎಂಟರೊಳಗೆ ಮೆಟ್ಟಿಲ ಬುಡದಲ್ಲಿರುವ ಹಾಗೆ ಹೋಗಿ. ಅದಕ್ಕೆ ಮೈಸೂರಿನಿಂದ ನಸುಕಿನಲ್ಲೇ ಹೊರಡಬೇಕು, ಅಂದರೆ ಟ್ಯಾಕ್ಸಿ.

ಮೇಲುಕೋಟೆ ಬೇರೆ ಜಾತಿಯದು. ಅಲ್ಲಿಯೂ ಯೋಗನರಸಿಂಹನ ಬೆಟ್ಟಕ್ಕೆ ಮುನ್ನೂರರ ಮೇಲೆ ಮೆಟ್ಟಿಲುಂಟು. ಆದರೆ ಬೆಟ್ಟ ಹತ್ತದಿದ್ದರೂ ಊರು ನಿಮ್ಮನ್ನು ಬರಿಗೈಯಲ್ಲಿ ಕಳಿಸುವುದಿಲ್ಲ. ಕೆಳಗೆ ಚೆಲುವನಾರಾಯಣನ ಗುಡಿ, ಕಲ್ಯಾಣಿ, ಅಕ್ಕತಂಗಿ ಕೊಳ, ಅರ್ಧಕ್ಕೇ ನಿಂತುಹೋದ ರಾಯಗೋಪುರ. ಕಲ್ಯಾಣಿಯ ಸುತ್ತಲಿನ ಮಂಟಪಗಳಿವೆಯಲ್ಲ, ಹನ್ನೆರಡರಿಂದ ಮೂರಕ್ಕೆ ಅದಕ್ಕಿಂತ ಒಳ್ಳೆಯ ಜಾಗ ನಾನು ಕಂಡಿಲ್ಲ. ನೀರಿನ ಮೇಲಿಂದ ಗಾಳಿ ಬರುತ್ತದೆ. ಪುಳಿಯೋಗರೆ, ಸಕ್ಕರೆ ಪೊಂಗಲ್ ಪಕ್ಕದಲ್ಲೇ ಸಿಗುತ್ತದೆ (ಪೊಂಗಲ್ ಅವರಿಗೆ, ನನಗೆ ಕಣ್ಣಲ್ಲೇ). ನಾವು ಬೆಟ್ಟ ಹತ್ತಿದ್ದು ಮೂರನೆಯ ಸಲ ಹೋದಾಗ, ಅದೂ ಅರ್ಧ. ಅವಸರವೇನಿರಲಿಲ್ಲ.

ಕೋತಿಗಳ ವಿಷಯ ಹೇಳಲೇಬೇಕು. ಪ್ಲಾಸ್ಟಿಕ್ ಕವರಿನ ಸದ್ದು ಅವಕ್ಕೆ ನಮಗಿಂತ ಚೆನ್ನಾಗಿ ಕೇಳುತ್ತದೆ. ಒಂದು ಮರಿಕೋತಿ ನನ್ನ ಕೈಚೀಲದಿಂದ ಮಾತ್ರೆಯ ಸ್ಟ್ರಿಪ್ ಎಳೆದುಕೊಂಡು ಮಂಟಪದ ಮೇಲೆ ಕೂತು, ಒಂದೊಂದೇ ಮಾತ್ರೆ ಒತ್ತಿ ತೆಗೆದು, ಮೂಸಿ, ಕೆಳಗೆ ಎಸೆಯಿತು. ಮೂರು ಸಿಕ್ಕವು. ಅವತ್ತಿನಿಂದ ಮಾತ್ರೆ ಸೀರೆಯ ಸೆರಗಿನ ಗಂಟಿನಲ್ಲಿ, ಊಟ ಬಟ್ಟೆ ಚೀಲದಲ್ಲಿ. ವೈರಮುಡಿ ಉತ್ಸವದ ಸಮಯದಲ್ಲಿ ಮಾತ್ರ ನಮ್ಮಂಥವರು ಹೋಗುವ ಮಾತಲ್ಲ. ಅದನ್ನು ಟಿವಿಯಲ್ಲಿ ಕೈ ಮುಗಿದು ನೋಡುವುದೇ ಕ್ಷೇಮ.

ಹೋಲಿಸಿ ಹೇಳುವುದಾದರೆ, ಒಂದೇ ಸಲ ಹೋಗುವುದಾದರೆ ಶ್ರವಣಬೆಳಗೊಳ, ಮತ್ತೆ ಮತ್ತೆ ಹೋಗುವುದಾದರೆ ಮೇಲುಕೋಟೆ. ನಾವು ಮತ್ತೆ ಮತ್ತೆ ಹೋಗುವ ಜನ.

ನೀರಿನ ಕಡೆ

ನೀರು ನೋಡಲು ನಾಲ್ಕು ದಿಕ್ಕಿದೆ, ನಾಲ್ಕಕ್ಕೂ ಕಾಲ ಬೇರೆ.

ರಂಗನತಿಟ್ಟಿಗೆ ಚಳಿಗಾಲದಿಂದ ಬೇಸಿಗೆಯ ಮೊದಲವರೆಗೆ. ಪಕ್ಷಿತಜ್ಞ ಸಲೀಂ ಅಲಿಯವರ ಒತ್ತಾಸೆಯಿಂದ 1940ರಲ್ಲೇ ಪಕ್ಷಿಧಾಮವಾದ ಜಾಗ, 2022ರಲ್ಲಿ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್‌ಸರ್ ಪಟ್ಟಿಗೂ ಸೇರಿತು. ಬೆಳಿಗ್ಗೆ ಮೊದಲ ದೋಣಿ ಹಿಡಿಯಿರಿ. ಬಣ್ಣದ ಕೊಕ್ಕರೆ, ಚಮಚದ ಕೊಕ್ಕಿನವು, ಹೆಜ್ಜಾರ್ಲೆ, ಕೆಳಗೆ ಬಂಡೆಯ ಮೇಲೆ ಬಾಯಿ ತೆರೆದು ಮಲಗಿದ ಮೊಸಳೆ. ದೋಣಿ ಹತ್ತುವುದು ಇಳಿಯುವುದು ಮಂಡಿಗೆ ಕಷ್ಟ ಅನ್ನಿಸಿದರೆ ದೋಣಿಯವರು ಕೈ ಕೊಡುತ್ತಾರೆ, ನಾಚಿಕೆ ಬೇಡ. ದಡದಲ್ಲಿ ಬಿದಿರಿನ ಮೆಳೆ, ಬೆಂಚು, ನೆರಳು, ಅಲ್ಲೇ ಮಧ್ಯಾಹ್ನ ಕಳೆಯಬಹುದು. ಮಳೆಗಾಲದಲ್ಲಿ ಕೆಆರ್‌ಎಸ್‌ನಿಂದ ನೀರು ಬಿಟ್ಟರೆ ದೋಣಿ ನಿಲ್ಲಿಸುತ್ತಾರೆ. ಅಣೆಕಟ್ಟೆಯ ಮಟ್ಟ 124.80 ಅಡಿ ಮುಟ್ಟುತ್ತಾ ಬಂತು ಅಂತ ಪೇಪರಿನಲ್ಲಿ ಕಂಡ ವಾರ ರಂಗನತಿಟ್ಟು ಬಿಟ್ಟು ಶಿವನಸಮುದ್ರಕ್ಕೆ ಹೊರಡಿ. ಒಂದು ಕಡೆ ಕೆಟ್ಟದ್ದು ಇನ್ನೊಂದು ಕಡೆ ಒಳ್ಳೆಯದು.

ಕೆಆರ್‌ಎಸ್ ನಮ್ಮ ಪಟ್ಟಿಯಲ್ಲಿ ಕೊನೆ. ಅಣೆಕಟ್ಟೆಯ ಮೇಲೆ ಈಗ ನಡೆಯಲು ಬಿಡುವುದಿಲ್ಲ. ಬೃಂದಾವನದ ಕಾರಂಜಿ ಕತ್ತಲಾದ ಮೇಲೆ. ಅದನ್ನು ನೋಡಿ ಜನರೆಲ್ಲ ಒಂದೇ ಸಲ ಹೊರಟಾಗ ಆ ನೂಕುನುಗ್ಗಲಲ್ಲಿ ರಾತ್ರಿ ಬಸ್ಸು ಹಿಡಿಯುವುದು ಮೊಮ್ಮಕ್ಕಳು ಬಂದಾಗ ಮಾತ್ರ ಮಾಡುವ ಸಾಹಸ.

ಶಿವನಸಮುದ್ರ ಅಂದರೆ ನಮ್ಮೆಜಮಾನ್ರಿಗೆ ತವರು. ಉಳಿದವರು ಗಗನಚುಕ್ಕಿಯಲ್ಲಿ ಜಲಪಾತ ನೋಡಿದರೆ ಇವರು ವಿದ್ಯುತ್ ಕೇಂದ್ರವಿರುವ ಬ್ಲಫ್ ಕಡೆ ಕೈ ತೋರಿಸುತ್ತಾರೆ. 1902ರಲ್ಲಿ ದಿವಾನ್ ಶೇಷಾದ್ರಿ ಅಯ್ಯರ್ ಕಾಲದ ಯೋಜನೆಯಿಂದ ಕರೆಂಟು ಹೊರಟು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಹೋದದ್ದು, ಬೆಂಗಳೂರಿನ ಬೀದಿಗೆ ದೀಪ ಬಂದದ್ದು ಅದಾದ ಮೇಲೆ 1905ರಲ್ಲಿ. ‘ಮೊದಲು ಗಣಿಗೆ, ಆಮೇಲೆ ಜನಕ್ಕೆ. ಇವತ್ತಿಗೂ ಹಾಗೇ’ ಅನ್ನುವುದು ಅವರ ಮುಕ್ತಾಯ. ಪಕ್ಕದಲ್ಲಿ ಸೆಲ್ಫಿ ತೆಗೆಯುತ್ತಿದ್ದ ಹುಡುಗರು ಫೋನ್ ಇಳಿಸಿ ಕೇಳಿಸಿಕೊಂಡರು ಅನ್ನುವುದು ಅವರ ಒಂದು ವರ್ಷದ ದೊಡ್ಡ ಸಂತೋಷ. ಜುಲೈನಿಂದ ಅಕ್ಟೋಬರ್ ಒಳ್ಳೆಯ ಕಾಲ. ಗಗನಚುಕ್ಕಿಯನ್ನು ಮೇಲಿನಿಂದಲೇ ನೋಡುವುದು, ಕಾಲಿಗೆ ಸುಖ. ಭರಚುಕ್ಕಿಯಲ್ಲಿ ಕೆಳಗೆ ಇಳಿಯುವ ಮೆಟ್ಟಿಲ ಮೋಹಕ್ಕೆ ಬೀಳಬೇಡಿ, ಮೇಲೇ ನಿಂತರೂ ನೀರಿನ ಪರದೆ ಪೂರ್ತಿ ಕಾಣುತ್ತದೆ. ಆದರೆ ಎರಡರ ನಡುವೆ ವಾಹನ ಬೇಕೇ ಬೇಕು, ಮಧ್ಯಾಹ್ನ ಕೂರುವ ಜಾಗವೂ ಅಷ್ಟಕ್ಕಷ್ಟೇ. ಟ್ಯಾಕ್ಸಿಯ ಬಾಬತ್ತು.

ತಲಕಾಡಿಗೆ ಬೇಸಿಗೆಯಲ್ಲಿ ಹೋಗಬೇಡಿ, ಅಷ್ಟೇ. ‘ತಲಕಾಡು ಮರಳಾಗಲಿ’ ಅಂದ ಅಲಮೇಲಮ್ಮನ ಶಾಪ ಮಧ್ಯಾಹ್ನ ಹನ್ನೆರಡಕ್ಕೆ ಬರಿಗಾಲಿಗೆ ಚೆನ್ನಾಗಿ ಅರ್ಥವಾಗುತ್ತದೆ. ಮರಳಿನಲ್ಲಿ ನೂರು ಹೆಜ್ಜೆ ಅಂದರೆ ಟಾರು ರಸ್ತೆಯಲ್ಲಿ ಮುನ್ನೂರು ಹೆಜ್ಜೆ. ಚಳಿಗಾಲದಲ್ಲಾದರೆ ಮಾತೇ ಬೇರೆ: ಮರಳ ಗುಂಡಿಯೊಳಗೆ ಇಳಿದು ನೋಡುವ ಪಾತಾಳೇಶ್ವರ, ಮರಳೇಶ್ವರ, ಚೋಳರನ್ನು ಗೆದ್ದ ನೆನಪಿಗೆ ವಿಷ್ಣುವರ್ಧನ ಕಟ್ಟಿಸಿದ ಕೀರ್ತಿನಾರಾಯಣ. ಎಲ್ಲವನ್ನೂ ನೋಡಲೇಬೇಕೆಂಬ ಹಟ ಬಿಟ್ಟು ವೈದ್ಯೇಶ್ವರನ ಗುಡಿಯ ಜಗಲಿಯಲ್ಲಿ ಕೂತವಳು ನಾನು. ಭಾವ ಐದೂ ಲಿಂಗ ನೋಡಿ ಬಂದು, ಎರಡು ದಿನ ಕಾಲಿಗೆ ಎಣ್ಣೆ ಹಚ್ಚಿಸಿಕೊಂಡರು. ಹೊಳೆಗೆ ಇಳಿಯುವುದಾದರೆ ಮೊಣಕಾಲಿನವರೆಗೆ ಸಾಕು, ಅಲ್ಲಿ ಸುಳಿಗಳಿವೆ.

ಹತ್ತಿರದವು

ನಂಜನಗೂಡು, ಶ್ರೀರಂಗಪಟ್ಟಣ ಎರಡೂ ಅರ್ಧ ದಿನದ ಊರುಗಳು, ರಿಟೈರ್ ಆದ ಮೊದಲ ತಿಂಗಳಿಗೆ ಹೇಳಿ ಮಾಡಿಸಿದವು. ದೇವರು, ದಾಸೋಹದ ಊಟ, ಕಪಿಲೆಯ ದಡ, ಬರುವಾಗ ಸಿಕ್ಕರೆ ರಸಬಾಳೆ ಅನ್ನುವವರಿಗೆ ನಂಜನಗೂಡು. ಸೋಮವಾರ, ಹುಣ್ಣಿಮೆ ಬಿಟ್ಟು ಹೋಗಿ. ಚರಿತ್ರೆಯ ಹುಚ್ಚಿದ್ದವರಿಗೆ ಶ್ರೀರಂಗಪಟ್ಟಣ. ರೈಲಿಳಿದರೆ ರಂಗನಾಥನ ಗುಡಿಗೆ ನಡೆದೇ ಹೋಗಬಹುದು. ಟಿಪ್ಪುವಿನ ಮದ್ದಿನ ಮನೆಯೊಂದು ಜೋಡಿ ಹಳಿಗೆ ಅಡ್ಡ ಬಂತು ಅಂತ 2017ರಲ್ಲಿ ಅದನ್ನು ಇಡಿಯಾಗಿ ಎತ್ತಿ ನೂರು ಮೀಟರಿಗೂ ಆಚೆ ಸರಿಸಿದರು, ಅದನ್ನು ಕೇಳಿ ನೋಡಿಕೊಂಡು ಬನ್ನಿ. ಮಧ್ಯಾಹ್ನಕ್ಕೆ ದರಿಯಾ ದೌಲತ್ತಿನ ಹುಲ್ಲುಹಾಸಿನ ಮರಗಳು. ಒಳಗೆ ಗೋಡೆಯ ಚಿತ್ರಗಳನ್ನು ನೋಡಲು ಓದುವ ಕನ್ನಡಕ ಮರೆಯಬೇಡಿ. ನಾನು ಮರೆತು ಯುದ್ಧವನ್ನೆಲ್ಲ ಬರೀ ಕುದುರೆಗಳ ಜಾತ್ರೆಯ ಹಾಗೆ ನೋಡಿ ಬಂದೆ.

ಬೆಟ್ಟಗಳಲ್ಲಿ

ಚಾಮುಂಡಿಗೆ ಸಿಟಿ ಬಸ್ಸು 201 ಮೇಲಿನವರೆಗೂ ಹೋಗುತ್ತದೆ. ಕಾಲು ಗಟ್ಟಿಯಿರುವವರು ಮೆಟ್ಟಿಲಲ್ಲಿ ಹತ್ತಿ ಬಸ್ಸಿನಲ್ಲಿ ಇಳಿಯಿರಿ, ಉಲ್ಟಾ ಮಾಡಬೇಡಿ. ಕಾರಣ ಆಗಲೇ ಹೇಳಿದ್ದೇನೆ. ಆಷಾಢ ಶುಕ್ರವಾರ ಬೇಡ.

ಹಿಮವದ್ ಗೋಪಾಲಸ್ವಾಮಿ ಬೆಟ್ಟ 1454 ಮೀಟರ್ ಎತ್ತರ, ಆದರೂ ನಮ್ಮ ಡೈರಿಯಲ್ಲಿ ಮಂಡಿ ಐದು. ಬಂಡೀಪುರದ ಕಾಡಾದ್ದರಿಂದ ಖಾಸಗಿ ವಾಹನ ಬೆಟ್ಟದ ಬುಡದಲ್ಲೇ ನಿಲ್ಲಬೇಕು, ಅಲ್ಲಿಂದ ಸಾರಿಗೆ ಬಸ್ಸು ಗುಡಿಯ ಹತ್ತಿರವೇ ಬಿಡುತ್ತದೆ. ಕಾರಿನವರೂ ಬಸ್ಸಿನವರೂ ಒಂದೇ ಸಾಲಿನಲ್ಲಿ ನಿಲ್ಲುವ ಜಾಗ. ಜುಲೈ, ಆಗಸ್ಟಿನಲ್ಲಿ ಗುಂಡ್ಲುಪೇಟೆ ದಾಟಿದರೆ ರಸ್ತೆಯ ಎರಡೂ ಕಡೆ ಚೆಂಡುಹೂವು, ಸೂರ್ಯಕಾಂತಿ. ಕಿಟಕಿ ಸೀಟು ಅವರಿಗೆ ಬಿಟ್ಟುಕೊಟ್ಟದ್ದು ನನಗೆ ಈಗಲೂ ಬೇಜಾರು. ಮೇಲೆ ಮಧ್ಯಾಹ್ನವೂ ಚಳಿಗಾಳಿ, ಒಂದು ಶಾಲು ಇರಲಿ. ತೊಂದರೆ ಅಂದರೆ ದೂರ, ಎಪ್ಪತ್ತೈದು ಕಿಲೋಮೀಟರಿನ ಸುಮಾರು, ಮತ್ತೆ ಮೇಲೆ ಹೋಟೆಲು ಇಲ್ಲ. ಬುತ್ತಿ ಕಟ್ಟಿಕೊಂಡೇ ಹೊರಡಬೇಕು. ಉಂಡ ಮೇಲೆ ಒಂದು ಎಲೆಯನ್ನೂ ಅಲ್ಲಿ ಬಿಡಬೇಡಿ, ಆನೆ ಬರುವ ಕಡೆ.

ಯಾರ ಜೊತೆ

ಇಬ್ಬರೇ ಹೋದದ್ದು ಹದಿನಾಲ್ಕು ಸಲ, ಉಳಿದವು ನಾಲ್ವರು, ಒಂದು ಸಲ ಹನ್ನೊಂದು ಜನ. ಹನ್ನೊಂದು ಜನ ಹೋದ ದಿನ ಕಾಫಿಗೆ ನಿಂತದ್ದೇ ನೆನಪು, ಊರು ನೆನಪಿಲ್ಲ. ನಾಲ್ವರು ಹದ. ಇಬ್ಬರೇ ಆದರೆ ಹೋಗುವಾಗ ಜಗಳ, ಬರುವಾಗ ಮಾತು. ಬ್ಯಾಂಕಿಗೆ ಹೋಗುತ್ತಿದ್ದಷ್ಟು ವರ್ಷ ಎರಡಕ್ಕೂ ಪುರುಸೊತ್ತು ಇರಲಿಲ್ಲ.

ಹೊಸ ಡೈರಿಗೆ ಮೊನ್ನೆ ಗೆರೆ ಎಳೆಯುತ್ತಿದ್ದೆ. ಮೊದಲ ಸಾಲಿಗೆ ಬಿಳಿಗಿರಿರಂಗನ ಬೆಟ್ಟ ಅಂತ ಬರೆಯಿಸಿದ್ದಾರೆ. ಕಳೆದ ವರ್ಷ ಎರಡು ಸಲ ಹೊರಟು ಎರಡು ಸಲವೂ ಮಳೆಗೆ ಕೈಬಿಟ್ಟದ್ದು. ಚಾಮರಾಜನಗರದವರೆಗೆ ರೈಲು, ಅಲ್ಲಿಂದ ಬಸ್ಸು, ಅಂದರೆ ಒಂದು ಬದಲಾವಣೆ, ನಮ್ಮ ಕಟ್ಟುಪಾಡಿನೊಳಗೇ ಇದೆ. ಬರುವಾಗಿನ ಬಸ್ಸಿನ ಹೊತ್ತನ್ನು ಇನ್ನೂ ಇಬ್ಬರ ಹತ್ತಿರ ಕೇಳಬೇಕು. ಒಬ್ಬರನ್ನು ಕೇಳಿ ಆಗಿದೆ.